ಶಾರ್ಟ್‌ಕಟ್ ಒತ್ತಿದರೆ ಬರೀ ಮೌನ: ಎನ್‌ವಿಡಿಎ ಜೊತೆ ಆಟೋಹಾಟ್‌ಕೀ ಕೈಕೊಟ್ಟಾಗ

ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಬರೆದುಕೊಂಡ ಶಾರ್ಟ್‌ಕಟ್ ಕೆಲಸ ಮಾಡದಿದ್ದರೆ ಮೊದಲ ತೊಂದರೆ ಶುರುವಾಗುವುದೇ ಕಿವಿಯಲ್ಲಿ. ಕೀ ಒತ್ತಿದಿರಿ, ಏನೂ ಕೇಳಿಸಲಿಲ್ಲ. ಕೀ ಸ್ಕ್ರಿಪ್ಟ್‌ ತನಕ ಹೋಗಲೇ ಇಲ್ಲವೋ, ಹೋಗಿ ಸ್ಕ್ರಿಪ್ಟ್ ಅರ್ಧದಲ್ಲಿ ನಿಂತಿತೋ, ಕೆಲಸವೆಲ್ಲ ಆಗಿ ಮಾತು ಮಾತ್ರ ಬರಲಿಲ್ಲವೋ? ಮೂರಕ್ಕೂ ನಮಗೆ ಸಿಗುವುದು ಒಂದೇ ಮೌನ. ಹಾಗಾಗಿ ಸ್ಕ್ರಿಪ್ಟ್‌ನ ಸಾಲುಗಳನ್ನು ತಿದ್ದಲು ಕೂರುವ ಮೊದಲು ಈ ಮೂರರಲ್ಲಿ ಯಾವುದು ಅಂತ ಗೊತ್ತು ಮಾಡಿಕೊಳ್ಳಬೇಕು. ಈ ಬರಹ ಅಷ್ಟಕ್ಕೇ.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ರಲ್ಲಿ ಎನ್‌ವಿಡಿಎ ಜೊತೆ ಆಟೋಹಾಟ್‌ಕೀ ಎರಡನೇ ಆವೃತ್ತಿ ಓಡಿಸುವವರಿಗೆ. ಎನ್‌ವಿಡಿಎ ಒಂದು ಸ್ಕ್ರೀನ್ ರೀಡರ್, ಆಟೋಹಾಟ್‌ಕೀ ನಾವು ಬರೆದ ಶಾರ್ಟ್‌ಕಟ್ ಸ್ಕ್ರಿಪ್ಟ್‌ಗಳನ್ನು ಓಡಿಸುವ ತಂತ್ರಾಂಶ, ಎರಡೂ ಉಚಿತ. ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವ ಜೋಡಿಯೂ ಇದೇ. ಜಾಸ್ ಅನ್ನುವ ಇನ್ನೊಂದು ಸ್ಕ್ರೀನ್ ರೀಡರ್ ಬಳಸುವವರಿಗೆ ಕೊನೆಯಲ್ಲಿ ಸ್ವಲ್ಪ ಇದೆ.

ಮೊದಲು ಒಂದು ಬೀಪ್

ಸ್ಕ್ರಿಪ್ಟ್‌ನಲ್ಲಿ ನಿಮ್ಮ ಶಾರ್ಟ್‌ಕಟ್‌ನ ಕೆಳಗಿನ ಮೊಟ್ಟಮೊದಲ ಸಾಲಾಗಿ ಒಂದು ಸೌಂಡ್‌ಬೀಪ್ ಹಾಕಿ. 800 ಹರ್ಟ್ಸ್, 100 ಮಿಲಿಸೆಕೆಂಡ್ ಸಾಕು. ಕೊನೆಯ ಸಾಲಾಗಿ ಇನ್ನೊಂದು, 400 ಹರ್ಟ್ಸ್. ಈಗ ಕೀ ಒತ್ತಿ. ಎತ್ತರದ ಬೀಪ್ ಬರದಿದ್ದರೆ ಕೀ ಸ್ಕ್ರಿಪ್ಟ್‌ಗೆ ತಲುಪಿಲ್ಲ. ಎತ್ತರದ್ದು ಬಂದು ತಗ್ಗಿನದು ಬರದಿದ್ದರೆ ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಎರಡೂ ಬಂದವು ಅಂದರೆ ಸ್ಕ್ರಿಪ್ಟ್ ಓಡಿ ಮುಗಿದಿದೆ, ತೊಂದರೆ ಮಾತಿನ ಕಡೆಯದು, ಇಲ್ಲವೇ ಕೆಲಸ ತಪ್ಪು ಜಾಗದಲ್ಲಿ ನಡೆದಿದೆ.

ಬೀಪ್ ಬದಲು ಮೆಸೇಜ್ ಬಾಕ್ಸ್ ಹಾಕುವವರೂ ಇದ್ದಾರೆ. ಬೇಡ. ಮೆಸೇಜ್ ಬಾಕ್ಸ್ ತೆರೆದ ತಕ್ಷಣ ಫೋಕಸ್ ಅದರ ಮೇಲೆ ಹೋಗುತ್ತದೆ, ಎನ್‌ವಿಡಿಎ ಅದನ್ನು ಓದಲು ಹೊರಡುತ್ತದೆ, ನೀವು ಹುಡುಕುತ್ತಿದ್ದ ತಪ್ಪಿನ ಸ್ವರೂಪವೇ ಬದಲಾಗಿಬಿಡುತ್ತದೆ. ಟೂಲ್‌ಟಿಪ್ ಅಂತೂ ಇನ್ನೂ ಕೆಟ್ಟದು. ಅಂತರ್ಜಾಲದಲ್ಲಿ ಸಿಗುವ ಮಾದರಿ ಸ್ಕ್ರಿಪ್ಟ್‌ಗಳಲ್ಲಿ ಫಲಿತಾಂಶವನ್ನು ಟೂಲ್‌ಟಿಪ್‌ನಲ್ಲಿ ತೋರಿಸುವುದು ಮಾಮೂಲಿ. ಆದರೆ ಟೂಲ್‌ಟಿಪ್ ಓದುವ ಆಯ್ಕೆ ಎನ್‌ವಿಡಿಎಯಲ್ಲಿ ಮೊದಲಿನಿಂದ ಆಫ್ ಆಗಿರುತ್ತದೆ. "ಸ್ಕ್ರಿಪ್ಟ್ ಕೆಲಸ ಮಾಡ್ತಿಲ್ಲ" ಅನ್ನುವ ಎಷ್ಟೋ ದೂರು ಇಲ್ಲೇ ಮುಗಿದುಹೋಗುತ್ತದೆ.

ಬೀಪ್ ಬರಲೇ ಇಲ್ಲ

ಸ್ಕ್ರಿಪ್ಟ್ ಓಡುತ್ತಿದೆಯಾ ಅಂತ ನೋಡಿ. ವಿಂಡೋಸ್+ಬಿ ಒತ್ತಿ, ಬಾಣದ ಕೀಗಳಿಂದ ಹೋಗಿ ಸ್ಕ್ರಿಪ್ಟ್‌ನ ಹೆಸರು ಹುಡುಕಿ. ಸಿಗದಿದ್ದರೆ ಮರೆಮಾಡಿದ ಐಕಾನ್‌ಗಳಲ್ಲಿ ಇರಬಹುದು. ಸಿಕ್ಕಿದರೂ ಅಷ್ಟಕ್ಕೇ ಸಮಾಧಾನ ಬೇಡ, ಅದರ ಮೆನು ತೆರೆದು "ಸಸ್ಪೆಂಡ್ ಹಾಟ್‌ಕೀಸ್" ಮುಂದೆ ಗುರುತು ಬಿದ್ದಿದೆಯಾ ಅಂತ ಕೇಳಿಸಿಕೊಳ್ಳಿ. ಸಸ್ಪೆಂಡ್ ಆದ ಸ್ಕ್ರಿಪ್ಟ್‌ನ ಐಕಾನ್ ಮಾತ್ರ ಬದಲಾಗುತ್ತದೆ, ಹೆಸರು ಹಾಗೇ ಇರುತ್ತದೆ. ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ನಮಗೆ ಮೆನು ತೆರೆಯುವ ತನಕ ಸುಳಿವೇ ಇಲ್ಲ.

ಹಳೆಯ ಸ್ಕ್ರಿಪ್ಟ್ ಎಲ್ಲಿಂದಲೋ ತಂದು ಹಾಕಿದ್ದರೆ ಆವೃತ್ತಿ ನೋಡಿ. ಆಟೋಹಾಟ್‌ಕೀ 2.0 ಬಂದದ್ದು 2022ರ ಡಿಸೆಂಬರ್‌ನಲ್ಲಿ. ಅದರ ಬರವಣಿಗೆ ಹಳೆಯ 1.1ಕ್ಕಿಂತ ಬೇರೆ, ಹಳೆಯದು ಹೊಸದರಲ್ಲಿ ಹಾಗೇ ಓಡುವುದಿಲ್ಲ. ಯಾವ ಆವೃತ್ತಿ ಬೇಕು ಅಂತ ಹೇಳುವ ಸಾಲನ್ನು ಫೈಲಿನ ತಲೆಯಲ್ಲೇ ಬರೆದಿಡಿ.

ಇದೆಲ್ಲ ಸರಿ ಇದ್ದೂ ಬೀಪ್ ಇಲ್ಲ ಅಂದರೆ ಎನ್‌ವಿಡಿಎಯ ಇನ್‌ಪುಟ್ ಹೆಲ್ಪ್ ಕೈಗೆ ತೆಗೆದುಕೊಳ್ಳಿ: ಎನ್‌ವಿಡಿಎ ಕೀ (ಮಾಮೂಲಿಯಾಗಿ ಇನ್ಸರ್ಟ್, ಬೇಕಾದರೆ ಕ್ಯಾಪ್ಸ್ ಲಾಕ್) ಜೊತೆ 1. ಇದು ಆನ್ ಇದ್ದಾಗ ಒತ್ತಿದ ಕೀ ಏನು, ಅದಕ್ಕೆ ಯಾವ ಕೆಲಸ ಅಂಟಿದೆ ಅಂತ ಎನ್‌ವಿಡಿಎ ಹೇಳುತ್ತದೆ, ಕೀಯನ್ನು ಮುಂದೆ ಬಿಡುವುದಿಲ್ಲ. ಈಗ ನಿಮ್ಮ ಶಾರ್ಟ್‌ಕಟ್ ಒತ್ತಿ, ಗಮನವಿಟ್ಟು ಕೇಳಿ.

ಕೀ ಹೆಸರಿನ ಜೊತೆ ಒಂದು ಆಜ್ಞೆಯ ವಿವರವೂ ಬಂತು ಅಂದರೆ ಆ ಕೀ ಆಗಲೇ ಎನ್‌ವಿಡಿಎ ಅಥವಾ ಅದರ ಯಾವುದೋ ಆಡ್-ಆನ್‌ನ ಪಾಲಾಗಿದೆ. ಬರೀ ಹೆಸರು ಬಂದರೆ ಎನ್‌ವಿಡಿಎಗೆ ಆ ಕೀ ಮೇಲೆ ಹಕ್ಕಿಲ್ಲ, ತೊಂದರೆ ಬೇರೆ ಕಡೆ. ಕಂಟ್ರೋಲ್, ಆಲ್ಟ್ ಅಂತ ಹೇಳಿ ಕೊನೆಯ ಅಕ್ಷರದ ಬಗ್ಗೆ ಉಸಿರೆತ್ತದಿದ್ದರೆ ಎನ್‌ವಿಡಿಎಗಿಂತ ಮೊದಲೇ ಯಾರೋ ಅದನ್ನು ನುಂಗಿದ್ದಾರೆ. ನೀವು ಒತ್ತಿದ್ದೊಂದು, ಅದು ಹೇಳಿದ್ದೊಂದು ಆದರೆ ಲ್ಯಾಪ್‌ಟಾಪ್‌ನ ಎಫ್‌ಎನ್ ಕೀ ಅಥವಾ ನಂಬರ್ ಲಾಕ್ ಮೇಲೆ ಅನುಮಾನ ಪಡಿ. ನಂಬರ್ ಪ್ಯಾಡ್‌ನ 1, ನಂಬರ್ ಲಾಕ್ ಆಫ್ ಇದ್ದಾಗ ಆಟೋಹಾಟ್‌ಕೀಗೆ "ನಂಪ್ಯಾಡ್‌ಎಂಡ್" ಆಗಿ ಕಾಣುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು.

"ಸಾರ್, ನಿನ್ನೆ ರಾತ್ರಿ ತನಕ ಚೆನ್ನಾಗಿತ್ತು, ಬೆಳಿಗ್ಗೆಯಿಂದ ಕೇಳ್ತಾನೇ ಇಲ್ಲ" ಅನ್ನುವ ಫೋನ್ ಬಂದರೆ ನಾನು ಮೊದಲು ಕೇಳುವುದು, ಮಧ್ಯೆ ಎನ್‌ವಿಡಿಎ ರೀಸ್ಟಾರ್ಟ್ ಮಾಡಿದ್ರಾ ಅಂತ. ಕಾರಣ ಇದು. ಎನ್‌ವಿಡಿಎ, ಆಟೋಹಾಟ್‌ಕೀ ಎರಡೂ ವಿಂಡೋಸ್‌ನಲ್ಲಿ ಕೀಬೋರ್ಡ್ ಹುಕ್ ಹಾಕಿ ಕೂರುತ್ತವೆ, ಅಂದರೆ ಒತ್ತಿದ ಕೀ ಬೇರೆ ಪ್ರೋಗ್ರಾಂಗೆ ಹೋಗುವ ಮೊದಲೇ ಹಿಡಿದು ನೋಡುತ್ತವೆ. ವಿಂಡೋಸ್‌ನ ಲೆಕ್ಕದಲ್ಲಿ ಕಡೆಗೆ ಬಂದವರಿಗೇ ಮೊದಲ ಪಂಕ್ತಿ: ಯಾರು ಕೊನೆಗೆ ಹುಕ್ ಹಾಕಿದರೋ ಅವರ ಕೈಗೆ ಕೀ ಮೊದಲು ಸಿಗುತ್ತದೆ. ಸ್ಕ್ರಿಪ್ಟ್ ಆಮೇಲೆ ಶುರುವಾಗಿದ್ದಾಗ ಕೀ ಅದಕ್ಕೆ ಸಿಗುತ್ತಿತ್ತು. ಕಂಟ್ರೋಲ್+ಆಲ್ಟ್+ಎನ್ ಒತ್ತಿ ಎನ್‌ವಿಡಿಎಯನ್ನು ಮತ್ತೆ ಎಬ್ಬಿಸಿದಿರಿ, ಈಗ ಅದು ಮುಂದೆ ಬಂತು. ಪರೀಕ್ಷೆ ಸುಲಭ. ಸ್ಕ್ರಿಪ್ಟನ್ನು ಅದರ ಮೆನುವಿನಿಂದ ರೀಲೋಡ್ ಮಾಡಿ. ತಕ್ಷಣ ಸರಿಹೋದರೆ ಇದೇ ರೋಗ.

ಮದ್ದು ಮಾತ್ರ ರೀಲೋಡ್ ಅಲ್ಲ. ಯಾರು ಮೊದಲು ಶುರುವಾಗಬೇಕು ಅಂತ ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಒದ್ದಾಡುವುದೂ ವ್ಯರ್ಥ, ಇನ್ನೊಂದು ದಿನ ಮತ್ತೆ ಕೆಡುತ್ತದೆ. ಇಬ್ಬರಿಗೂ ಬೇಕಾದ ಕೀ ಬಿಟ್ಟು ಬೇರೆ ಕೀ ಆರಿಸಿ.

ಅದರಲ್ಲೂ ಇನ್ಸರ್ಟ್ ಮತ್ತು ಕ್ಯಾಪ್ಸ್ ಲಾಕ್ ತಂಟೆಗೆ ಹೋಗಲೇಬೇಡಿ. "ಇನ್ಸರ್ಟ್ ಮತ್ತು ಕೆ" ಅಂತ ಆಟೋಹಾಟ್‌ಕೀಯಲ್ಲಿ ಜೋಡಿ ಕೀ ಬರೆದರೆ ಇನ್ಸರ್ಟ್ ಅದರ ಪೂರ್ವ ಕೀ ಆಗಿಬಿಡುತ್ತದೆ, ತನ್ನ ಸ್ವಂತ ಕೆಲಸ ಕಳೆದುಕೊಳ್ಳುತ್ತದೆ. ಆಮೇಲೆ ಎನ್‌ವಿಡಿಎಯ ಯಾವ ಆಜ್ಞೆಯೂ ಇನ್ಸರ್ಟ್‌ನಿಂದ ನಡೆಯುವುದಿಲ್ಲ. ಸ್ಕ್ರೀನ್ ರೀಡರೇ ಕೆಟ್ಟಿತು ಅಂದುಕೊಂಡು ಮರು ಇನ್‌ಸ್ಟಾಲ್ ಮಾಡುವವರಿದ್ದಾರೆ. ಎನ್‌ವಿಡಿಎ ಕೀ ಜೊತೆಗೇ ಶಾರ್ಟ್‌ಕಟ್ ಬೇಕು ಅಂತ ಹಟವಿದ್ದರೆ ಎನ್‌ವಿಡಿಎ ಒಳಗೇ ಅದನ್ನು ಬರೆಯಿರಿ, ಆ ದಾರಿ ಮುಂದೆ ಹೇಳಿದ್ದೇನೆ.

ಕನ್ನಡ ಕೀಬೋರ್ಡ್ ಆನ್ ಇದ್ದಾಗ ಮಾತ್ರ ಕೆಟ್ಟರೆ

ಇದು ನಮ್ಮವರಿಗೇ ಬರುವ ತೊಂದರೆ, ಇಂಗ್ಲಿಷಿನ ಸಹಾಯ ಪುಟಗಳಲ್ಲಿ ಸಿಗುವುದು ಅಪರೂಪ. ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀಬೋರ್ಡ್ ಲೇಔಟ್‌ನಲ್ಲಿ ಸೆಮಿಕೋಲನ್ ಇರುವ ಜಾಗದಲ್ಲಿ ಚ ಇದೆ, ಚೌಕ ಬ್ರಾಕೆಟ್ ತೆರೆಯುವ ಜಾಗದಲ್ಲಿ ಡ ಇದೆ. ಶಾರ್ಟ್‌ಕಟ್‌ನಲ್ಲಿ ಸೆಮಿಕೋಲನ್ ಅಂತ ಬರೆದಿದ್ದರೆ ಕನ್ನಡ ಲೇಔಟ್‌ನಲ್ಲಿ ಅಂಥ ಕೀಯೇ ಇಲ್ಲ. ಅಕ್ಷರ, ಅಂಕಿಗಳಿಗೆ ಈ ಕಾಟ ಕಮ್ಮಿ, ಚಿಹ್ನೆಗಳಿಗೆ ಜಾಸ್ತಿ. ಹಾಗಾಗಿ ಚಿಹ್ನೆ ಕೀಗಳನ್ನು ಶಾರ್ಟ್‌ಕಟ್‌ಗೆ ಬಳಸಬೇಡಿ. ಬಳಸಲೇಬೇಕಾದರೆ ಹೆಸರಿನ ಬದಲು ಆ ಕೀಯ ಸ್ಕ್ಯಾನ್ ಕೋಡ್ (ಕೀಬೋರ್ಡ್ ಮೇಲೆ ಆ ಕೀ ಇರುವ ಜಾಗದ ಸಂಖ್ಯೆ) ಬರೆಯಿರಿ, ಲೇಔಟ್ ಯಾವುದೇ ಇರಲಿ ಅದು ಬದಲಾಗುವುದಿಲ್ಲ.

"ಇಂಗ್ಲಿಷ್ ಇಂಡಿಯಾ" ಕೀಬೋರ್ಡ್ ಇಟ್ಟುಕೊಂಡವರಿಗೆ ಇನ್ನೊಂದು ಸಿಕ್ಕು. ಅದರಲ್ಲಿ ಕಂಟ್ರೋಲ್+ಆಲ್ಟ್+4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ. ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತುವುದು ಆ ಲೇಔಟ್‌ನಲ್ಲಿ ಬಲಗಡೆಯ ಆಲ್ಟ್ ಒತ್ತಿದ್ದಕ್ಕೆ ಸಮ. ಕಂಟ್ರೋಲ್+ಆಲ್ಟ್ ಜೋಡಿಯ ಮೇಲೆ ಶಾರ್ಟ್‌ಕಟ್ ಇಟ್ಟು, ಪತ್ರದಲ್ಲಿ ರೂಪಾಯಿ ಚಿಹ್ನೆ ಹಾಕಲು ಹೋದಾಗ ಸ್ಕ್ರಿಪ್ಟ್ ಓಡಿಬಿಟ್ಟರೆ ಆಶ್ಚರ್ಯ ಪಡಬೇಡಿ.

ಇನ್ನು, ಟೈಪಿಂಗ್ ತಂತ್ರಾಂಶ ಬಳಸಿ ಕನ್ನಡ ಬರೆಯುವವರು. ಇಂಗ್ಲಿಷ್ ಕೀ ಹಿಡಿದು ಅದರ ಬದಲು ಕನ್ನಡ ಅಕ್ಷರ ತುರುಕುವ ಯಾವ ತಂತ್ರಾಂಶವೂ ಇದೇ ಹುಕ್ ಸಾಲಿನಲ್ಲಿ ಮೂರನೆಯವನಾಗಿ ನಿಲ್ಲುತ್ತದೆ. ಅಕ್ಷರ ಎರಡೆರಡು ಬೀಳುವುದು, ಒತ್ತಕ್ಷರ ಒಡೆಯುವುದು ಶುರುವಾದರೆ ಎನ್‌ವಿಡಿಎಯ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ "ಹ್ಯಾಂಡಲ್ ಕೀಸ್ ಫ್ರಮ್ ಅದರ್ ಅಪ್ಲಿಕೇಶನ್ಸ್" ಗುರುತು ತೆಗೆದು ನೋಡಿ. ವಿಯೆಟ್ನಾಮಿನ ಯೂನಿಕೀ ಬಳಸುವವರಿಗೆ ಅಕ್ಷರ ತಪ್ಪು ಬೀಳುತ್ತಿತ್ತು, ಈ ಆಯ್ಕೆ ತೆಗೆಯಿರಿ ಅಂತ ಎನ್‌ವಿಡಿಎ ಕೈಪಿಡಿಯೇ ಹೇಳುತ್ತದೆ. ನಮ್ಮ ಕತೆಯೂ ಅದರ ಹತ್ತಿರದ್ದೇ. ಆದರೆ ಒಂದು ನೆನಪಿರಲಿ: ಗುರುತು ತೆಗೆದರೆ ನಿಮ್ಮ ಸ್ಕ್ರಿಪ್ಟ್ ಕಳಿಸುವ ಕೀಗಳನ್ನೂ ಎನ್‌ವಿಡಿಎ ಕಿವಿಗೆ ಹಾಕಿಕೊಳ್ಳುವುದಿಲ್ಲ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ. ಮೂರನೆಯವನ ಕಾಟವೇ ಬೇಡ ಅನ್ನುವವರು ಅದನ್ನು ಒಮ್ಮೆ ಪ್ರಯತ್ನಿಸಬಹುದು.

ಎಲ್ಲ ಕಡೆ ನಡೆದು ಒಂದೇ ಕಡೆ ನಡೆಯದಿದ್ದರೆ

ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬಹುದು. ಮಾಮೂಲಿ ಮಟ್ಟದಲ್ಲಿ ಓಡುವ ಸ್ಕ್ರಿಪ್ಟ್‌ಗೆ ಮೇಲಿನ ಮಟ್ಟದ ಕಿಟಕಿಯ ಕೀಗಳು ಸಿಗದಂತೆ ವಿಂಡೋಸ್ ತಡೆಯುತ್ತದೆ. ಇನ್‌ಸ್ಟಾಲ್ ಮಾಡಿದ ಎನ್‌ವಿಡಿಎಗೆ ಅದಕ್ಕೆ ಅನುಮತಿ ಇದೆ, ಅದಕ್ಕೇ ಅದು ಆರಾಮಾಗಿ ಓದುತ್ತಿರುತ್ತದೆ, ಸ್ಕ್ರಿಪ್ಟ್ ಮಾತ್ರ ಸುಮ್ಮನಿರುತ್ತದೆ. ಇನ್‌ಸ್ಟಾಲ್ ಮಾಡದೆ ಓಡಿಸುವ ಪೋರ್ಟಬಲ್ ಎನ್‌ವಿಡಿಎ ಆದರೆ ಎರಡೂ ಮೌನ. ಆಟೋಹಾಟ್‌ಕೀಯನ್ನು ಯುಐ ಆಕ್ಸೆಸ್ (ಮೇಲಿನ ಮಟ್ಟದ ಕಿಟಕಿಗಳನ್ನೂ ಮುಟ್ಟುವ ಅನುಮತಿ) ಜೊತೆ ಓಡಿಸಿದರೆ ಸರಿಹೋಗುತ್ತದೆ. ಲಾಕ್ ಪರದೆ ಮತ್ತು ಅನುಮತಿ ಕೇಳುವ ಪರದೆಯಲ್ಲಿ ಮಾತ್ರ ಏನು ಮಾಡಿದರೂ ನಡೆಯದು. ವಿಂಡೋಸ್+ಎಲ್ ಮತ್ತು ಕಂಟ್ರೋಲ್+ಆಲ್ಟ್+ಡಿಲೀಟ್ ಕೂಡ ವಿಂಡೋಸ್‌ನದೇ, ಆಸೆ ಬೇಡ.

ಎರಡೂ ಬೀಪ್ ಬಂದವು, ಮಾತು ಬರಲಿಲ್ಲ

ಎನ್‌ವಿಡಿಎ+ಎಸ್ ಒತ್ತಿ ಮಾತಿನ ಮೋಡ್ ಸರಿ ಇದೆಯಾ ನೋಡಿ. ಒಂದೇ ಪ್ರೋಗ್ರಾಂನಲ್ಲಿ ಮೌನ ಅಂದರೆ ಅಲ್ಲಿ ಸ್ಲೀಪ್ ಮೋಡ್ ಆನ್ ಆಗಿರಬಹುದು, ಡೆಸ್ಕ್‌ಟಾಪ್ ಲೇಔಟ್‌ನಲ್ಲಿ ಎನ್‌ವಿಡಿಎ+ಶಿಫ್ಟ್+ಎಸ್.

ಈಗ ನನ್ನ ಮೆಚ್ಚಿನ ತೊಂದರೆಗೆ ಬರೋಣ. ಸ್ಕ್ರಿಪ್ಟ್ ಮಾತಾಡಲು ಶುರು ಮಾಡುತ್ತದೆ, ಒಂದು ಅಕ್ಷರವೋ ಅರ್ಧ ಪದವೋ ಕೇಳಿಸುತ್ತದೆ, ಅಷ್ಟಕ್ಕೇ ಕಚಕ್ ಅಂತ ನಿಲ್ಲುತ್ತದೆ. ಕಂಟ್ರೋಲ್+ಶಿಫ್ಟ್ ಶಾರ್ಟ್‌ಕಟ್‌ನಲ್ಲಿ ಹೀಗಾಗುವುದಿಲ್ಲ. ವಿಂಡೋಸ್ ಕೀ ಅಥವಾ ಆಲ್ಟ್ ಇರುವ ಶಾರ್ಟ್‌ಕಟ್‌ನಲ್ಲಿ ಮಾತ್ರ ಆಗುತ್ತದೆ. ಏಕೆ?

ವಿಂಡೋಸ್ ಕೀಯನ್ನು ಒಂಟಿಯಾಗಿ ಒತ್ತಿ ಬಿಟ್ಟರೆ ಸ್ಟಾರ್ಟ್ ಮೆನು ತೆರೆಯುತ್ತದೆ, ಆಲ್ಟ್ ಒತ್ತಿ ಬಿಟ್ಟರೆ ಮೆನು ಬಾರ್ ಎದ್ದು ಕೂರುತ್ತದೆ. ನಿಮ್ಮ ಶಾರ್ಟ್‌ಕಟ್‌ನ ಅಕ್ಷರವನ್ನು ಆಟೋಹಾಟ್‌ಕೀ ನುಂಗಿದ್ದರಿಂದ ವಿಂಡೋಸ್‌ಗೆ ಕಾಣುವುದು ಒಂಟಿ ವಿಂಡೋಸ್ ಕೀ ಮಾತ್ರ. ಸ್ಟಾರ್ಟ್ ಮೆನು ತೆರೆಯದಿರಲಿ ಅಂತ ಆಟೋಹಾಟ್‌ಕೀ ಒಂದು ಉಪಾಯ ಮಾಡುತ್ತದೆ, ಮಧ್ಯೆ ಒಂದು ಮುಸುಕು ಕೀ ಕಳಿಸುತ್ತದೆ. ಆ ಮುಸುಕು ಕೀ ಯಾವುದು? ಕಂಟ್ರೋಲ್. ಎನ್‌ವಿಡಿಎಯಲ್ಲಿ ಕಂಟ್ರೋಲ್ ಒತ್ತಿದರೆ ಏನಾಗುತ್ತದೆ ಅಂತ ನಮ್ಮೆಲ್ಲರಿಗೂ ಗೊತ್ತು: ಮಾತು ನಿಲ್ಲುತ್ತದೆ. ನೋಡುವವರಿಗೆ ಇದು ಯಾವತ್ತೂ ಗೊತ್ತೇ ಆಗದ ಸಂಗತಿ, ಯಾಕೆಂದರೆ ಒಂಟಿ ಕಂಟ್ರೋಲ್‌ನಿಂದ ಪರದೆಯ ಮೇಲೆ ಏನೂ ಆಗುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಎನ್‌ವಿಡಿಎ ಮೆನುವಿನ ಜನರಲ್ ಸೆಟ್ಟಿಂಗ್ಸ್‌ನಲ್ಲಿ ಲಾಗ್ ಮಟ್ಟವನ್ನು "ಇನ್‌ಪುಟ್/ಔಟ್‌ಪುಟ್"ಗೆ ಏರಿಸಿ. ಶಾರ್ಟ್‌ಕಟ್ ಒಮ್ಮೆ ಒತ್ತಿ. ಆಮೇಲೆ ಟೂಲ್ಸ್ ಮೆನುವಿನಿಂದ ಲಾಗ್ ತೆರೆದು ಕೆಳಗಿನಿಂದ ಓದಿ. "ಸ್ಪೀಕಿಂಗ್" ಅಂತ ಶುರುವಾಗುವ ಸಾಲಿನಲ್ಲಿ ನಿಮ್ಮ ಮಾತು ಪೂರ್ತಿ ಇದೆ, ಅದರ ಹಿಂದೆಯೇ "ಇನ್‌ಪುಟ್" ಸಾಲಿನಲ್ಲಿ ನೀವು ಮುಟ್ಟದ ಕಂಟ್ರೋಲ್ ಇದೆ. ಸಿಕ್ಕಿಬಿತ್ತು. ಕೆಲಸ ಮುಗಿದ ಮೇಲೆ ಲಾಗ್ ಮಟ್ಟ ಇಳಿಸುವುದನ್ನು ಮರೆಯಬೇಡಿ, ಈ ಮಟ್ಟದಲ್ಲಿ ನೀವು ಒತ್ತುವ ಪ್ರತಿ ಕೀ ದಾಖಲಾಗುತ್ತದೆ, ಪಾಸ್‌ವರ್ಡ್ ಸಮೇತ. ಲಾಗನ್ನು ಬೇರೆಯವರಿಗೆ ಕಳಿಸುವ ಮುಂಚೆಯೂ ಇದು ನೆನಪಿರಲಿ.

ಪರಿಹಾರ ಎರಡಿವೆ. ಸ್ಕ್ರಿಪ್ಟ್‌ನ ಶುರುವಿನಲ್ಲಿ "ಎ ಅಂಡರ್‌ಸ್ಕೋರ್ ಮೆನುಮಾಸ್ಕ್‌ಕೀ" ಅನ್ನುವ ಚರಾಂಶಕ್ಕೆ "ವಿಕೆಇ8" ಬೆಲೆ ಕೊಡಿ. ಅದು ಯಾರಿಗೂ ಸೇರದ ಕೀ, ಎನ್‌ವಿಡಿಎ ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲವೇ ಮಾತಿನ ಸಾಲಿಗೆ ಮುಂಚೆ ಕೀವೇಟ್ ಹಾಕಿ, ಬೆರಳು ಕೀಯಿಂದ ಎದ್ದ ಮೇಲೆ ಮಾತಾಡುವಂತೆ ಮಾಡಿ. ನಾನು ಎರಡನ್ನೂ ಹಾಕುತ್ತೇನೆ.

ಮಾತು ಒಂದು ಚೂರೂ ಶುರುವಾಗದಿದ್ದರೆ ಎನ್‌ವಿಡಿಎ ಕಂಟ್ರೋಲರ್ ಡಿಎಲ್‌ಎಲ್ ನೋಡಿ, ಸ್ಕ್ರಿಪ್ಟ್ ತನ್ನ ಮಾತನ್ನು ಎನ್‌ವಿಡಿಎಗೆ ತಲುಪಿಸುವ ಫೈಲ್ ಅದು. 64 ಬಿಟ್ ಆಟೋಹಾಟ್‌ಕೀಗೆ 64 ಬಿಟ್ ಡಿಎಲ್‌ಎಲ್ಲೇ ಬೇಕು, 32ಕ್ಕೆ 32. ತಪ್ಪು ಜೋಡಿ ಆದರೆ ಫೈಲ್ ಇದ್ದರೂ ಲೋಡ್ ಆಗುವುದಿಲ್ಲ, ವಿಂಡೋಸ್ 193 ಅನ್ನುವ ದೋಷ ಸಂಖ್ಯೆ ಕೊಡುತ್ತದೆ. ಲೋಡ್ ಆಗಿದ್ದರೆ "ಟೆಸ್ಟ್ ಇಫ್ ರನ್ನಿಂಗ್" ಕರೆದು ನೋಡಿ, 0 ಬಂದರೆ ಸಂಪರ್ಕ ಸರಿ ಇದೆ.

ಇಂಗ್ಲಿಷ್ ಮಾತಾಡಿ ಕನ್ನಡ ಮಾತ್ರ ಗೊಣಗಿದರೆ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿದ್ದೀರಾ ನೋಡಿ. ಹಳೆಯ 1.1ರಲ್ಲಿ ಬಿಒಎಂ (ಫೈಲಿನ ಶುರುವಿನಲ್ಲಿ ಬರುವ ಯುನಿಕೋಡ್ ಗುರುತು) ಇಲ್ಲದ ಫೈಲಿನ ಕನ್ನಡ ಚಿತ್ರಾನ್ನ ಆಗುತ್ತದೆ, ಎರಡನೇ ಆವೃತ್ತಿ ಯುಟಿಎಫ್-8 ಅಂತಲೇ ಓದುತ್ತದೆ. ಫೈಲ್ ಸರಿ ಇದ್ದರೆ ಧ್ವನಿಯದೇ ತೊಂದರೆ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡ ಇದೆ, ಇಂಪಾಗಿಲ್ಲ ನಿಜ, ಆದರೆ ಪರೀಕ್ಷೆಗೆ ಅದು ಸಾಕು.

ಮಾತು ಬಂತು, ಕೆಲಸ ಎಡವಟ್ಟಾಯಿತು

ವೆಬ್ ಫಾರ್ಮ್ ತುಂಬಿಸುವ ಸ್ಕ್ರಿಪ್ಟ್‌ಗಳ ರೋಗ ಇದು. ಊರಿನ ಹೆಸರು ಹಾಕುವ ಜಾಗದಲ್ಲಿ ಬೆಳಗಾವಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕಳಿಸಲು ಬರೆದಿದ್ದೀರಿ. ಎನ್‌ವಿಡಿಎ ಆ ಹೊತ್ತಿಗೆ ಬ್ರೌಸ್ ಮೋಡ್‌ನಲ್ಲಿದೆ, ಅಲ್ಲಿ ಅಕ್ಷರದ ಕೀ ಒತ್ತಿದರೆ ಟೈಪ್ ಆಗುವುದಿಲ್ಲ, ಪುಟದಲ್ಲಿ ಹಾರುತ್ತದೆ. ಬಿ ಹೋಯಿತು, ಮುಂದಿನ ಬಟನ್‌ಗೆ ಹಾರಿತು. ಇ ಹೋಯಿತು, ಎಡಿಟ್ ಬಾಕ್ಸ್. ಎಲ್ ಅಂದರೆ ಪಟ್ಟಿ, ಎ ಅಂದರೆ ಟಿಪ್ಪಣಿ, ಜಿ ಅಂದರೆ ಚಿತ್ರ, ಮತ್ತೆ ಎ, ವಿ ಅಂದರೆ ನೋಡಿದ ಲಿಂಕ್, ಐ ಅಂದರೆ ಪಟ್ಟಿಯ ಅಂಶ. ಬೆಳಗಾವಿಯ ಎಂಟು ಅಕ್ಷರಕ್ಕೂ ಒಂದೊಂದು ಕೆಲಸ ಇದೆ. ಪುಟದ ತುಂಬಾ ಓಡಾಡಿ ಒಂದಕ್ಷರವೂ ಬೀಳದೆ ಸ್ಕ್ರಿಪ್ಟ್ ಮುಗಿಯುತ್ತದೆ. ತಗ್ಗಿನ ಬೀಪ್ ಬೇರೆ ಬರುತ್ತದೆ, ಎಲ್ಲ ಆಯಿತು ಅನ್ನುವ ಹಾಗೆ.

ಎನ್‌ವಿಡಿಎ+ಸ್ಪೇಸ್ ಒತ್ತಿ ಒತ್ತಿದ ಅಕ್ಷರ ನೇರ ಟೈಪ್ ಆಗುವ ಫೋಕಸ್ ಮೋಡ್‌ಗೆ ಬಂದು ಅದೇ ಸ್ಕ್ರಿಪ್ಟ್ ಓಡಿಸಿ. ಸರಿಯಾದರೆ ಕಾರಣ ಗೊತ್ತಾಯಿತು. ಶಾಶ್ವತ ದಾರಿ ಅಂದರೆ ಒಂದೊಂದೇ ಅಕ್ಷರ ಕಳಿಸುವುದು ಬಿಟ್ಟು, ಕ್ಲಿಪ್‌ಬೋರ್ಡ್‌ಗೆ ಹಾಕಿ ಕಂಟ್ರೋಲ್+ವಿ ಕಳಿಸುವುದು. ಫೋಕಸ್ ಎಡಿಟ್ ಬಾಕ್ಸ್ ಮೇಲಿದ್ದರೆ ಅಂಟುತ್ತದೆ, ಇಲ್ಲದಿದ್ದರೆ ಸುಮ್ನೆ ಬಿಡುತ್ತದೆ, ಪುಟವಂತೂ ಅಲ್ಲಾಡುವುದಿಲ್ಲ.

ಸ್ಕ್ರಿಪ್ಟ್ ಮುಗಿದ ಮೇಲೆ ಬಾಣದ ಕೀ ಒತ್ತಿದರೆ ಪದಪದ ಹಾರುತ್ತಿದೆ, ಅಕ್ಷರ ಒತ್ತಿದರೆ ಏನೇನೋ ತೆರೆಯುತ್ತಿದೆ ಅಂದರೆ ಕಂಟ್ರೋಲ್ ಅಥವಾ ವಿಂಡೋಸ್ ಕೀ ಒತ್ತಿದಂತೆಯೇ ಸಿಕ್ಕಿಕೊಂಡಿದೆ. ಆ ಕೀಯನ್ನು ಕೈಯಲ್ಲೇ ಒಮ್ಮೆ ಒತ್ತಿ ಬಿಡಿ, ಹೋಗುತ್ತದೆ. ಮತ್ತೆ ಬರದಿರಲು ಇಲ್ಲೂ ಕೀವೇಟೇ ಮದ್ದು.

ಯಾವುದಕ್ಕೂ ಬಗ್ಗದಿದ್ದರೆ ಆಟೋಹಾಟ್‌ಕೀಯ ಮುಖ್ಯ ಕಿಟಕಿ ತೆರೆದು ವ್ಯೂ ಮೆನುವಿನಲ್ಲಿ ಕೀ ಹಿಸ್ಟರಿ ನೋಡಿ. ಕೀಬೋರ್ಡ್ ಹುಕ್ ಆನ್ ಇದ್ದರೆ ಕೊನೆಯ 40 ಘಟನೆಗಳು ಅಲ್ಲಿರುತ್ತವೆ, ಮಾಮೂಲಿ ಎಡಿಟ್ ಬಾಕ್ಸ್ ಆದ್ದರಿಂದ ಸಲೀಸಾಗಿ ಓದಿಸಬಹುದು. ಸಾಲಿನಲ್ಲಿ ಎಸ್ ಇದ್ದರೆ ಆ ಕೀಯನ್ನು ತಡೆಹಿಡಿದಿದೆ, ಎಚ್ ಇದ್ದರೆ ಹಾಟ್‌ಕೀ ಅಂತ ಗುರುತಿಸಿದೆ, ಎ ಇದ್ದರೆ ಅದು ಬೆರಳಿನಿಂದ ಬಂದದ್ದಲ್ಲ, ಯಾವುದೋ ಪ್ರೋಗ್ರಾಂ ಕಳಿಸಿದ್ದು.

ಎನ್‌ವಿಡಿಎ ಒಳಗಿನ ಸ್ಕ್ರಿಪ್ಟ್, ಮತ್ತು ಜಾಸ್

ಎನ್‌ವಿಡಿಎಯ ಒಳಗೇ ಪೈಥಾನ್‌ನಲ್ಲಿ ಬರೆದರೆ ಹುಕ್ ಜಗಳ ಇರುವುದಿಲ್ಲ. ಕೋಡ್ ಇಡಬೇಕಾದ್ದು ಸ್ಕ್ರ್ಯಾಚ್‌ಪ್ಯಾಡ್ ಫೋಲ್ಡರ್‌ನಲ್ಲಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಮೊದಲು ಅನುಮತಿ ಕೊಡಬೇಕು. ಅದನ್ನು ಮರೆತು ಕೋಡ್ ತಿದ್ದುತ್ತಾ ಕೂರುವವರು ಬಹಳ. ಒಂದೇ ಪ್ರೋಗ್ರಾಂಗೆ ಬರೆದ ಆ್ಯಪ್ ಮಾಡ್ಯೂಲ್ ಆದರೆ ಫೈಲಿನ ಹೆಸರು ಆ ಪ್ರೋಗ್ರಾಂನ ಹೆಸರೇ ಇರಬೇಕು, ಎನ್‌ವಿಡಿಎ+ಕಂಟ್ರೋಲ್+ಎಫ್1 ಅದನ್ನು ಹೇಳುತ್ತದೆ. ತಿದ್ದಿದ ಮೇಲೆ ಎನ್‌ವಿಡಿಎ+ಕಂಟ್ರೋಲ್+ಎಫ್3 ಒತ್ತಿದರೆ ಮತ್ತೆ ಲೋಡ್ ಆಗುತ್ತದೆ. "ದಾಖಲಾದ ದೋಷಕ್ಕೆ ಸದ್ದು ಮಾಡು" ಅನ್ನುವ ಆಯ್ಕೆಯನ್ನೂ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲೇ ಆನ್ ಮಾಡಿಡಿ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗ ತಪ್ಪಿದರೆ ಎಲ್ಲ ಕೆಡುತ್ತದೆ, ಅದಕ್ಕೆ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್‌ನಲ್ಲಿ ಇಂಡೆಂಟ್ ಅನ್ನು ಸ್ವರದಲ್ಲಿ ಕೇಳಿಸುವಂತೆ ಮಾಡಿಕೊಂಡರೆ ಕಿವಿಯೇ ಹಿಡಿದುಕೊಡುತ್ತದೆ.

ಎನ್‌ವಿಡಿಎ ಅಪ್‌ಡೇಟ್ ಆದ ಮರುದಿನ ಆಡ್-ಆನ್‌ನ ಶಾರ್ಟ್‌ಕಟ್‌ಗಳೆಲ್ಲ ಒಟ್ಟಿಗೆ ಸತ್ತರೆ ನಿಮ್ಮ ತಪ್ಪಿಲ್ಲ. ಸಾಮಾನ್ಯವಾಗಿ ವರ್ಷದ ಮೊದಲ ಬಿಡುಗಡೆಯಲ್ಲಿ ಹಳೆಯ ಆಡ್-ಆನ್‌ಗಳ ಹೊಂದಾಣಿಕೆ ಮುರಿಯುತ್ತದೆ. ಆಡ್-ಆನ್ ಸ್ಟೋರ್‌ನಲ್ಲಿ ಹೊಸ ಆವೃತ್ತಿ ಬಂದಿದೆಯಾ ನೋಡಿ. ಯಾವ ಆಡ್-ಆನ್ ಕಾಟ ಕೊಡುತ್ತಿದೆ ಗೊತ್ತಾಗದಿದ್ದರೆ ಎನ್‌ವಿಡಿಎ+ಕ್ಯೂ ಒತ್ತಿ, ಆಡ್-ಆನ್‌ಗಳಿಲ್ಲದೆ ರೀಸ್ಟಾರ್ಟ್ ಮಾಡುವ ಆಯ್ಕೆ ಆರಿಸಿ. ಆಗ ತೊಂದರೆ ಮಾಯವಾದರೆ, ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ.

ಜಾಸ್‌ನಲ್ಲಿ ಕೀ ಪರೀಕ್ಷೆಗೆ ಇನ್ಸರ್ಟ್+1, ಯಾವ ಸ್ಕ್ರಿಪ್ಟ್ ಲೋಡ್ ಆಗಿದೆ ಅಂತ ತಿಳಿಯಲು ಇನ್ಸರ್ಟ್+ಕ್ಯೂ. ಅಲ್ಲಿ ಸ್ಕ್ರಿಪ್ಟ್ ತಿದ್ದಿ ಉಳಿಸಿದರೆ ಸಾಲದು, ಕಂಪೈಲ್ ಆಗಬೇಕು, ಅಂದರೆ ಜಾಸ್ ಓಡಿಸಬಲ್ಲ ಫೈಲಾಗಿ ಬದಲಾಗಬೇಕು. ಕಂಪೈಲ್‌ನಲ್ಲಿ ತಪ್ಪು ಬಂದರೆ ಹಳೆಯ ಕಂಪೈಲ್ ಆದ ಫೈಲೇ ಓಡುತ್ತಿರುತ್ತದೆ. ನೀವು ಎಷ್ಟು ತಿದ್ದಿದರೂ ಏನೂ ಬದಲಾಗುತ್ತಿಲ್ಲ ಅನ್ನಿಸಿದರೆ, ಮೊದಲು ಕಂಪೈಲ್ ಮಾಡಿದಾಗ ಅದು ಏನು ಹೇಳಿತು ಅಂತ ಇನ್ನೊಮ್ಮೆ ಕೇಳಿಸಿಕೊಳ್ಳಿ.